ಹಿಮ್ಮಡಿ ನೋವಿಗೆ ಎಷ್ಟು ಉಜ್ಜಬೇಕು, ಎಷ್ಟು ಎಳೆಯಬೇಕು?

ಪ್ರಶ್ನೆ: ನನಗೆ 46 ವರ್ಷ. ದಿನಕ್ಕೆ ಏಳೆಂಟು ಗಂಟೆ ನಿಂತೇ ಮಾಡುವ ಕೆಲಸ. ಎಂಟು ತಿಂಗಳಿಂದ ಬಲಗಾಲಿನ ಹಿಮ್ಮಡಿಯ ಅಡಿಯಲ್ಲಿ, ಒಳಮಗ್ಗುಲಿಗೆ ನೋವಿದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರುವಾಗ ಚುಚ್ಚಿದಂತಾಗುತ್ತದೆ. ಓಡಾಡಿದರೆ ಸ್ವಲ್ಪ ಸಡಿಲ, ಸಂಜೆ ಮತ್ತೆ ಜಾಸ್ತಿ. ಎಕ್ಸ್-ರೇ ನೋಡಿ ಮೂಳೆ ಬೆಳೆದಿದೆ ಎಂದಿದ್ದಾರೆ. ದಿನವೂ ರಾತ್ರಿ ಗಟ್ಟಿ ಚೆಂಡಿನ ಮೇಲೆ ನಿಂತು ಹಿಮ್ಮಡಿಯನ್ನು 20 ನಿಮಿಷ ಒತ್ತಿ ಉಜ್ಜುತ್ತೇನೆ. ಆ ಹೊತ್ತಿಗೆ ಹಿತವೆನಿಸುತ್ತದೆ, ಬೆಳಗಾದರೆ ಮೊದಲಿನಷ್ಟೇ ನೋವು. ಮಸಾಜ್ ಮತ್ತು ಸ್ಟ್ರೆಚಿಂಗ್‌ನಿಂದ ಇದು ನಿಜವಾಗಿ ಹೋಗುತ್ತದೆಯೇ? ಸರಿಯಾದ ಕ್ರಮ ಯಾವುದು?

ಉತ್ತರ: ಹೋಗುತ್ತದೆ. ಆದರೆ ನೀವು ಈಗ ಮಾಡುತ್ತಿರುವ ರೀತಿಯಲ್ಲಿ ಹೋಗುವುದು ಕಷ್ಟ. ನೋವಿರುವ ಜಾಗವನ್ನೇ ಮೈಭಾರ ಹಾಕಿ 20 ನಿಮಿಷ ಒತ್ತುವುದು ಈ ತೊಂದರೆಯಲ್ಲಿ ಎಲ್ಲರೂ ಮಾಡುವ ಕೆಲಸ, ಅತ್ಯಂತ ಕಡಿಮೆ ಫಲ ಕೊಡುವ ಕೆಲಸವೂ ಹೌದು. ಮಸಾಜ್ ನೋವನ್ನು ಕೆಲವು ಗಂಟೆ ತಗ್ಗಿಸುತ್ತದೆ. ಸರಿಯಾದ ಸ್ಟ್ರೆಚಿಂಗ್ ಬೆಳಗಿನ ಮೊದಲ ಹೆಜ್ಜೆಯ ಚುಚ್ಚನ್ನು ಕೆಲವು ವಾರಗಳಲ್ಲಿ ಇಳಿಸುತ್ತದೆ. ಸುಧಾರಣೆಯನ್ನು ಬೇಗನೆ ತರುವುದು ಮಾತ್ರ ಕಾಲಿಗೆ ಹಂತಹಂತವಾಗಿ ಭಾರ ಹೊರುವುದನ್ನು ಕಲಿಸುವ ಬಲದ ವ್ಯಾಯಾಮ. ಈ ಮೂರರಲ್ಲಿ ಮೊದಲನೆಯದರ ಒಂದು ಒರಟು ರೂಪವನ್ನಷ್ಟೇ ನೀವು ಮಾಡುತ್ತಿದ್ದೀರಿ. ಅದಕ್ಕೇ ಎಂಟು ತಿಂಗಳಾದರೂ ನೋವು ಅಲ್ಲಿಯೇ ನಿಂತಿದೆ.

ಒಳಗೆ ಏನಾಗಿದೆ

ನೀವು ಹೇಳಿದ ಲಕ್ಷಣಗಳು ಪ್ಲಾಂಟಾರ್ ಫೇಶಿಯೈಟಿಸ್ ಎಂಬ ತೊಂದರೆಗೆ ಚೆನ್ನಾಗಿ ಹೊಂದುತ್ತವೆ. ಹಿಮ್ಮಡಿ ಮೂಳೆಯ ಅಡಿಭಾಗದ ಒಳಮಗ್ಗುಲಿನಿಂದ ಹೊರಟು ಐದೂ ಬೆರಳುಗಳ ಬುಡದವರೆಗೆ ಹಬ್ಬಿರುವ ದಪ್ಪನೆಯ ನಾರಿನ ಪಟ್ಟಿಗೆ ಪ್ಲಾಂಟಾರ್ ಫೇಶಿಯಾ ಎನ್ನುತ್ತಾರೆ. ಪಾದದ ಕಮಾನನ್ನು ಅದು ಬಿಲ್ಲಿಗೆ ಕಟ್ಟಿದ ಹೆದೆಯಂತೆ ಎರಡು ತುದಿಗಳಿಂದ ಹಿಡಿದಿರುತ್ತದೆ. ನಡೆಯುವಾಗ ಹಿಮ್ಮಡಿ ಮೇಲೆದ್ದು ಹೆಬ್ಬೆರಳು ಹಿಂದಕ್ಕೆ ಬಾಗಿದಾಗ ಈ ಪಟ್ಟಿ ಬೆರಳಿನ ಬುಡಕ್ಕೆ ಸುತ್ತಿಕೊಂಡು ಬಿಗಿಯಾಗುತ್ತದೆ, ಕಮಾನು ಎತ್ತರವಾಗುತ್ತದೆ, ಪಾದ ಗಟ್ಟಿಯಾಗಿ ದೇಹವನ್ನು ಮುಂದಕ್ಕೆ ನೂಕುತ್ತದೆ. ಹಿಕ್ಸ್ ಎಂಬ ಸಂಶೋಧಕರು 1954ರಲ್ಲಿ ಇದನ್ನು ವಿವರಿಸಿದರು. ಮುಂದೆ ಹೇಳುವ ಸ್ಟ್ರೆಚಿಂಗ್ ಮತ್ತು ಬಲದ ವ್ಯಾಯಾಮ ಎರಡೂ ಬೆರಳುಗಳನ್ನು ಹಿಂದಕ್ಕೆ ಬಾಗಿಸಿಯೇ ಮಾಡುವಂಥವು. ಹಾಗೇಕೆ ಎಂಬುದಕ್ಕೆ ಉತ್ತರ ಈ ರಚನೆಯಲ್ಲೇ ಇದೆ.

ಹೆಸರಿನ ಕೊನೆಯ ‘ಐಟಿಸ್’ನಲ್ಲಿ ಉರಿಯೂತದ ಸೂಚನೆ ಇದ್ದರೂ ದೀರ್ಘಕಾಲದ ನೋವಿನಲ್ಲಿ ಉರಿಯೂತದ ಪಾಲು ಬಹಳ ಕಡಿಮೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ 2003ರ ಒಂದು ಅಧ್ಯಯನಕ್ಕೆ ಕಂಡದ್ದು ಸವೆದು ಕ್ರಮ ತಪ್ಪಿದ ನಾರುಗಳು. ಉರಿಯೂತದ ಗುರುತು ಅಲ್ಲಿರಲಿಲ್ಲ. ಹಾಗಾಗಿ ಉರಿಯೂತ ತಗ್ಗಿಸುವ ಮಾತ್ರೆ, ಐಸ್ ಇವು ಸಂಜೆಯ ನೋವನ್ನು ಸಹ್ಯವಾಗಿಸುತ್ತವೆಯೇ ಹೊರತು ಸವೆದ ನಾರನ್ನು ಸರಿಪಡಿಸುವುದಿಲ್ಲ. ನಾರು ಸುಧಾರಿಸಬೇಕಾದರೆ ಅದಕ್ಕೆ ಹದವಾದ ಭಾರ ಬೇಕು, ಸಮಯವೂ ಬೇಕು.

ಬೆಳಿಗ್ಗೆಯೇ ಏಕೆ ನೋವು? ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಳ್ಳುತ್ತದೆ. ಪಟ್ಟಿಯೂ ಮೀನಖಂಡವೂ ಗಂಟೆಗಟ್ಟಲೆ ಮೋಟಾದ ಸ್ಥಿತಿಯಲ್ಲೇ ಇರುತ್ತವೆ. ಎದ್ದ ಕೂಡಲೇ ಇಡೀ ದೇಹದ ಭಾರ ಬಿದ್ದು ಪಟ್ಟಿ ಒಮ್ಮೆಲೇ ಎಳೆಯಲ್ಪಡುತ್ತದೆ. ಹೆಚ್ಚು ಹೊತ್ತು ಕುಳಿತು ಎದ್ದಾಗಲೂ ಹೀಗೇ.

ಬೆಳೆದ ಮೂಳೆಯ ಬಗ್ಗೆ ಚಿಂತೆ ಬಿಡಿ. ಒಂದಿಷ್ಟೂ ನೋವಿಲ್ಲದ ಬಹಳಷ್ಟು ಜನರ ಹಿಮ್ಮಡಿಯಲ್ಲೂ ಅಂಥ ಮುಳ್ಳಿನಂಥ ಬೆಳವಣಿಗೆ ಕಾಣುತ್ತದೆ. ನೋವು ಪೂರ್ತಿ ಹೋದ ಮೇಲೂ ಎಕ್ಸ್-ರೇಯಲ್ಲಿ ಅದು ಹಾಗೇ ಇರುತ್ತದೆ. ಅದನ್ನು ಉಜ್ಜಿ ಕರಗಿಸಬಹುದು ಎಂದುಕೊಂಡು ಗಟ್ಟಿ ಚೆಂಡಿನ ಮೇಲೆ ನಿಲ್ಲುವವರು ಬಹಳ. ಮೂಳೆ ಕರಗುವುದಿಲ್ಲ, ಸುತ್ತಲಿನ ಮೃದು ಅಂಗಾಂಶ ಮಾತ್ರ ಜಜ್ಜಿಹೋಗುತ್ತದೆ.

ಮೊದಲು ಜಾಗ ಖಚಿತಪಡಿಸಿಕೊಳ್ಳಿ

ಕಾಲಿನ ನೋವೆಲ್ಲ ಒಂದೇ ಅಲ್ಲ. ತಪ್ಪು ನೋವಿಗೆ ಸರಿಯಾದ ವ್ಯಾಯಾಮ ಮಾಡಿದರೂ ಕೆಡುಕೇ. ಕುರ್ಚಿಯ ಮೇಲೆ ಕುಳಿತು ಬಲಪಾದವನ್ನು ಎಡ ತೊಡೆಯ ಮೇಲೆ ಇಟ್ಟುಕೊಳ್ಳಿ. ಹಿಮ್ಮಡಿ ಮೂಳೆಯ ಮುಂದಿನ ಅಂಚು ಕಮಾನಿಗೆ ಸೇರುವ ಕಡೆ, ಒಳಮಗ್ಗುಲಿಗೆ, ಹೆಬ್ಬೆಟ್ಟಿನಿಂದ ಒತ್ತಿ ನೋಡಿ. ಬೆರಳುಗಳನ್ನು ಹಿಂದಕ್ಕೆ ಎಳೆದಾಗ ಅದೇ ಚುಕ್ಕೆಯಲ್ಲಿ ನೋವು ಹೆಚ್ಚಾದರೆ ಪಟ್ಟಿಯದೇ ತೊಂದರೆ ಎನ್ನಲು ಒಳ್ಳೆಯ ಆಧಾರ.

ನೋವು ಹಿಮ್ಮಡಿಯ ನಟ್ಟನಡುವೆ, ಕಲ್ಲಿನ ಮೇಲೆ ಕಾಲಿಟ್ಟು ಜಜ್ಜಿದಂತೆ ಇದ್ದು, ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ನಡೆದಾಗಲೇ ಹೆಚ್ಚಾಗುತ್ತಿದ್ದರೆ ಅಲ್ಲಿನ ಕೊಬ್ಬಿನ ಮೆತ್ತೆ ನಲುಗಿರಬಹುದು. ಅದಕ್ಕೆ ಬೇಕಾದದ್ದು ಮೆತ್ತನೆಯ ಹಿಮ್ಮಡಿ ಪ್ಯಾಡ್ ಮತ್ತು ಬಿಡುವು. ಚೆಂಡು ಅದಕ್ಕೆ ಶತ್ರು. ಹಿಮ್ಮಡಿಯ ಹಿಂಬದಿಯಲ್ಲಿ, ಅಕಿಲಿಸ್ ಸ್ನಾಯುರಜ್ಜು ಮೂಳೆಗೆ ಅಂಟುವ ಕಡೆ ನೋವಿದ್ದರೆ ಮೆಟ್ಟಿಲಿನ ಅಂಚಿನಿಂದ ಹಿಮ್ಮಡಿ ಇಳಿಬಿಡುವ ಸ್ಟ್ರೆಚಿಂಗ್ ಕೆರಳಿಸುತ್ತದೆ. ಮೂರನೆಯ, ನಾಲ್ಕನೆಯ ಬೆರಳುಗಳ ನಡುವೆ ಉರಿ ಅಥವಾ ಕರೆಂಟ್ ಹೊಡೆದಂತಾದರೆ, ಇಲ್ಲವೇ ಅಂಗಾಲೆಲ್ಲ ಜೋಮು ಹಿಡಿದರೆ, ನರದ ಕಡೆ ಗಮನ ಕೊಡಬೇಕು. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಗಳ ನಡುವೆ ಹಿಂಡಿದಾಗ ತೀವ್ರ ನೋವಾದರೆ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಇರಬಹುದು. ಆಗ ವ್ಯಾಯಾಮವನ್ನೆಲ್ಲ ನಿಲ್ಲಿಸಿ ವೈದ್ಯರನ್ನು ಕಾಣಿ.

ಮಸಾಜ್: ಒತ್ತಡ ಕಡಿಮೆ, ಜಾಗ ಹೆಚ್ಚು

ಮಸಾಜ್ ಪಟ್ಟಿಯನ್ನು ಉದ್ದ ಮಾಡುವುದಿಲ್ಲ, ಗಂಟುಗಳನ್ನು ಒಡೆಯುವುದೂ ಇಲ್ಲ. ಇಷ್ಟು ಗಟ್ಟಿಯಾದ ನಾರಿನ ಉದ್ದವನ್ನು ಕೈಬಲದಿಂದ ಶಾಶ್ವತವಾಗಿ ಬದಲಿಸಲಾಗದು. ಅದರ ಪರಿಣಾಮ ಬಹುಪಾಲು ನರಗಳ ಮೂಲಕ. ಒತ್ತಡ, ಬಿಸುಪು, ನಿಧಾನವಾದ ಚಲನೆ ಇವು ನೋವಿನ ಸಂಕೇತವನ್ನು ತಗ್ಗಿಸುತ್ತವೆ, ಬಿಗಿದ ಸ್ನಾಯು ಸಡಿಲವಾಗುತ್ತದೆ. ಇದು ಅರ್ಥವಾದರೆ ಒತ್ತಡ ಎಷ್ಟಿರಬೇಕು ಎಂಬುದೂ ತಾನಾಗಿ ತಿಳಿಯುತ್ತದೆ. 0 ಎಂದರೆ ನೋವೇ ಇಲ್ಲ, 10 ಎಂದರೆ ತಡೆಯಲಾರದ ನೋವು ಎಂದಿಟ್ಟುಕೊಂಡರೆ ಮಸಾಜ್ ಮಾಡುವಾಗ 4 ದಾಟಬಾರದು. ಹಲ್ಲು ಕಚ್ಚಿಕೊಳ್ಳುವಷ್ಟು ಒತ್ತಿದರೆ ಸ್ನಾಯು ಬಿಗಿಯುತ್ತದೆ, ಮರುದಿನ ಆ ಜಾಗ ಮುಟ್ಟಲಾಗದಂತಿರುತ್ತದೆ. ನಿಮ್ಮ ಬೆಳಗಿನ ನೋವಿನಲ್ಲಿ ಒಂದು ಪಾಲು ಹಿಂದಿನ ರಾತ್ರಿಯ ಚೆಂಡಿನದ್ದೇ ಇರಬಹುದು. ಐದು ದಿನ ಹಿಮ್ಮಡಿಗೆ ಚೆಂಡು ತಾಗಿಸದೆ ನೋಡಿ, ತಿಳಿದುಬಿಡುತ್ತದೆ.

ಶುರು ಮಾಡಬೇಕಾದದ್ದು ಅಂಗಾಲಿನಿಂದಲ್ಲ, ಮೀನಖಂಡದಿಂದ. ಮೀನಖಂಡ ಬಿಗಿಯಾಗಿದ್ದರೆ ಕಾಲ್ಗಂಟು ಸಾಕಷ್ಟು ಬಾಗುವುದಿಲ್ಲ. ಆ ಕೊರತೆಯನ್ನು ತುಂಬಲು ಪಾದದ ಕಮಾನು ಪ್ರತಿ ಹೆಜ್ಜೆಗೂ ಹೆಚ್ಚು ಕುಸಿಯಬೇಕಾಗುತ್ತದೆ, ಪಟ್ಟಿಯ ಮೇಲೆ ಎಳೆತ ಬೀಳುತ್ತದೆ. ಬೆನ್ನ ಮೇಲೆ ಮಲಗಿ ಎಡ ಮೊಣಕಾಲನ್ನು ಮಡಚಿ ಪಾದ ನೆಲಕ್ಕೆ ಊರಿ. ಬಲ ಮೀನಖಂಡವನ್ನು ಎಡ ಮೊಣಕಾಲಿನ ಮೇಲಿಟ್ಟು, ಕಾಲಿನ ಭಾರದಿಂದಲೇ ಒತ್ತಿಸುತ್ತ ಮೇಲಕ್ಕೂ ಕೆಳಕ್ಕೂ ಜಾರಿಸಿ. ನೋಯುವ ಚುಕ್ಕೆ ಸಿಕ್ಕಲ್ಲಿ 30 ಸೆಕೆಂಡು ನಿಂತು, ಪಾದವನ್ನು ನಿಧಾನವಾಗಿ ಐದು ಬಾರಿ ಮೇಲೆ ಕೆಳಗೆ ಆಡಿಸಿ. ಸಾಮಾನ್ಯವಾಗಿ ಒಳಮಗ್ಗುಲಿನ ಕೆಳ ಅರ್ಧದಲ್ಲಿ ಇಂಥ ಎರಡು ಮೂರು ಚುಕ್ಕೆಗಳಿರುತ್ತವೆ. ಒಟ್ಟು 3 ನಿಮಿಷ ಸಾಕು. ಮೊಣಕಾಲಿನ ಹಿಂಬದಿಯ ಗುಳಿಯನ್ನೂ ಒಳಗಣ್ಣಿನ ಮೂಳೆಯ, ಅಂದರೆ ಕಾಲ್ಗಂಟಿನ ಒಳಗಡೆಯ ಉಬ್ಬಿನ, ಹಿಂದಿನ ಸಂದನ್ನೂ ಒತ್ತಬೇಡಿ. ಎರಡೂ ಕಡೆ ನರ ಮತ್ತು ರಕ್ತನಾಳ ಚರ್ಮಕ್ಕೆ ಹತ್ತಿರವಿರುತ್ತವೆ.

ಆಮೇಲೆ ಕಮಾನು. ಟೆನಿಸ್ ಚೆಂಡು, ಅಂದರೆ ಸುಮಾರು 6.5 ಸೆಂಟಿಮೀಟರ್ ಅಗಲದ, ಒತ್ತಿದರೆ ಸ್ವಲ್ಪ ಕುಗ್ಗುವ ಚೆಂಡು ಒಳ್ಳೆಯದು. ಕುಳಿತೇ ಮಾಡಿ. ನಿಂತರೆ ಒತ್ತಡ ನಿಮ್ಮ ಹತೋಟಿಯಲ್ಲಿ ಇರುವುದಿಲ್ಲ. ಹಿಮ್ಮಡಿ ಮೂಳೆ ಮುಗಿದು ಒಂದು ಬೆರಳಗಲ ಮುಂದೆ ಚೆಂಡನ್ನು ಇಟ್ಟು ಬೆರಳುಗಳ ಬುಡದವರೆಗೆ ಉರುಳಿಸಿ. ಒಂದು ಸಾಲು ದಾಟಲು ಐದು ಸೆಕೆಂಡಾದರೂ ಬೇಕು. ಒಳ ಅಂಚಿನಲ್ಲಿ ಒಂದು ಸಾಲು, ನಡುವೆ ಒಂದು, ಹೊರ ಅಂಚಿನಲ್ಲಿ ಒಂದು. ಮೊದಲು ಬೆರಳುಗಳನ್ನು ಸಡಿಲ ಬಿಟ್ಟು 1 ನಿಮಿಷ, ಬಳಿಕ ಬೆರಳುಗಳನ್ನು ಮೇಲಕ್ಕೆತ್ತಿ ಇನ್ನೊಂದು ನಿಮಿಷ. ಬೆರಳೆತ್ತಿದಾಗ ಪಟ್ಟಿ ಬಿಗಿಯಾಗುವುದರಿಂದ ಒತ್ತಡವನ್ನು ಅರ್ಧಕ್ಕೆ ಇಳಿಸಿ. ನೋಯುವ ಚುಕ್ಕೆಯಲ್ಲಿ ಚೆಂಡು ನಿಲ್ಲಿಸಿದಾಗ 30ರಿಂದ 60 ಸೆಕೆಂಡಿನೊಳಗೆ ನೋವು ಇಳಿಯಬೇಕು. ಏರುತ್ತಿದ್ದರೆ ಆ ಜಾಗ ಬಿಟ್ಟು ಮುಂದೆ ಹೋಗಿ.

ಹಿಮ್ಮಡಿಯ ನೋವಿನ ಚುಕ್ಕೆಗೆ ಚೆಂಡು ಬೇಡ, ಕೈ ಸಾಕು. ಬೆರಳ ಗೆಣ್ಣಿನಿಂದ ಪಟ್ಟಿಗೆ ಅಡ್ಡಲಾಗಿ, 1 ನಿಮಿಷ ಮಾತ್ರ, ಹಗುರವಾಗಿ ಆಡಿಸಿ. ಹೆಬ್ಬೆಟ್ಟಿನಿಂದ ದಿನವೂ ಒತ್ತಿದರೆ ಕೆಲವೇ ವಾರದಲ್ಲಿ ಹೆಬ್ಬೆಟ್ಟಿನ ಬುಡ ನೋಯತೊಡಗುತ್ತದೆ, ಅದಕ್ಕೇ ಗೆಣ್ಣು. ಎಣ್ಣೆ ಅಥವಾ ಕ್ರೀಮ್ ನಾಲ್ಕೈದು ಹನಿ ಸಾಕು. ಯಾವ ಎಣ್ಣೆ ಎಂಬುದು ಮುಖ್ಯವಲ್ಲ, ಚರ್ಮ ಎಳೆಯದಂತೆ ಜಾರಿದರಾಯಿತು. ಏಳುವ ಮುನ್ನ ಅಂಗಾಲನ್ನು ಚೆನ್ನಾಗಿ ಒರೆಸಿಕೊಳ್ಳಿ. ಎಣ್ಣೆಗಾಲಲ್ಲಿ ಜಾರಿ ಬೀಳುವುದು ಹಿಮ್ಮಡಿ ನೋವಿಗಿಂತ ದೊಡ್ಡ ಅಪಾಯ.

ಹೀಗೆ ಒಟ್ಟು ಆರೇಳು ನಿಮಿಷ, ದಿನಕ್ಕೆ ಒಂದು ಅಥವಾ ಎರಡು ಬಾರಿ. ಸಂಜೆ ಕೆಲಸ ಮುಗಿಸಿ ಬಂದಾಗ ಕಾಲು ಉರಿಯುತ್ತಿದ್ದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಕಾಲುಚೀಲ ಹಾಕಿಕೊಂಡು, ಅದರ ಮೇಲೆ ಪಾದವನ್ನು 5ರಿಂದ 10 ನಿಮಿಷ ಉರುಳಿಸಬಹುದು. ಗಾಜಿನ ಬಾಟಲಿ ಬೇಡವೇ ಬೇಡ. ಮಸಾಜ್ ಗನ್ ಇದ್ದರೆ ಅತಿ ಕಡಿಮೆ ವೇಗದಲ್ಲಿ ಮೀನಖಂಡಕ್ಕೆ ಒಂದೆರಡು ನಿಮಿಷ ಬಳಸಿ. ಹಿಮ್ಮಡಿ ಮೂಳೆಯ ಮೇಲೆ ಅದನ್ನು ಇಡಬಾರದು.

ಕೆಲವರು ಮಸಾಜ್‌ನಲ್ಲಿ ಎಚ್ಚರ ವಹಿಸಬೇಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಚೆಂಡು, ಐಸ್ ಎರಡೂ ಬೇಡ. ಗಾಯವಾದರೂ ಗೊತ್ತಾಗುವುದಿಲ್ಲ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಬರೀ ಹಗುರವಾದ ಕೈಮಸಾಜ್. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಅದನ್ನು ಉಜ್ಜದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸ್ಟ್ರೆಚಿಂಗ್: ಹಾಸಿಗೆಯಿಂದ ಇಳಿಯುವ ಮುನ್ನ

ಇಡೀ ಉತ್ತರದಲ್ಲಿ ನೀವು ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಸಾಮಾನ್ಯವಾಗಿ ಹೇಳಿಕೊಡುವ ಗೋಡೆಗೆ ಕೈಯಿಟ್ಟು ಮೀನಖಂಡ ಎಳೆಯುವ ಕ್ರಮವನ್ನು, ಪಟ್ಟಿಯನ್ನೇ ನೇರವಾಗಿ ಎಳೆಯುವ ಕ್ರಮದೊಂದಿಗೆ ಡಿಜಿಯೋವಾನಿ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು 2003ರಲ್ಲಿ ಹೋಲಿಸಿ ನೋಡಿದರು. ದೀರ್ಘಕಾಲದ ಹಿಮ್ಮಡಿ ನೋವಿದ್ದವರಲ್ಲಿ ಎಂಟು ವಾರಗಳ ಬಳಿಕ ಪಟ್ಟಿಯನ್ನೇ ಎಳೆದವರಿಗೆ ಬೆಳಗಿನ ಮೊದಲ ಹೆಜ್ಜೆಯ ನೋವು ಹೆಚ್ಚು ಇಳಿದಿತ್ತು.

ಎಚ್ಚರವಾದ ಕೂಡಲೇ, ಪಾದ ನೆಲಕ್ಕೆ ತಾಗುವ ಮುನ್ನ, ಹಾಸಿಗೆಯ ಅಂಚಿನಲ್ಲಿ ಕುಳಿತು ಬಲಪಾದವನ್ನು ಎಡ ಮೊಣಕಾಲಿನ ಮೇಲೆ ಹಾಕಿ. ಬಲಗೈಯಿಂದ ಐದೂ ಬೆರಳುಗಳನ್ನು ಬುಡದಲ್ಲಿ ಹಿಡಿಯಿರಿ. ಪಾದವನ್ನು ಮೊಣಕಾಲಿನ ಕಡೆಗೆ ಬಾಗಿಸಿ, ಆಮೇಲೆ ಬೆರಳುಗಳನ್ನೂ ಅದೇ ಕಡೆಗೆ ಹಿಂದಕ್ಕೆ ಎಳೆಯಿರಿ. ಎಡಗೈ ಹೆಬ್ಬೆಟ್ಟಿನಿಂದ ಕಮಾನನ್ನು ಮುಟ್ಟಿ ನೋಡಿ. ಚರ್ಮದಡಿ ಬಿಗಿದ ತಂತಿಯೊಂದು ಎದ್ದು ನಿಂತದ್ದು ಕೈಗೆ ಸಿಕ್ಕಿದರೆ ಎಳೆತ ಸರಿಯಾಗಿದೆ. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ 10 ಸಲ. ಮೂರು ನಿಮಿಷವೂ ಹಿಡಿಯುವುದಿಲ್ಲ. ದಿನಕ್ಕೆ ಮೂರು ಬಾರಿ ಮಾಡಿ. ಬೆಳಗಿನದು ತಪ್ಪಿಸಬಾರದು, ಉಳಿದೆರಡನ್ನು ಬಹಳ ಹೊತ್ತು ಕುಳಿತು ಏಳುವ ಮುನ್ನ ಇಟ್ಟುಕೊಳ್ಳಿ.

ತಪ್ಪುವುದು ಎಲ್ಲಿ ಎಂದರೆ, ಬಹಳಷ್ಟು ಮಂದಿ ಬೆರಳ ತುದಿಯನ್ನಷ್ಟೇ ಎಳೆಯುತ್ತಾರೆ. ತುದಿಯ ಗೆಣ್ಣು ಬಾಗುತ್ತದೆ, ಬುಡ ಬಾಗುವುದಿಲ್ಲ, ಪಟ್ಟಿಗೆ ಎಳೆತವೇ ತಲುಪುವುದಿಲ್ಲ. ಇನ್ನು ಕೆಲವರು ಬಚ್ಚಲಿಗೆ ಹೋಗಿ ಬಂದು ಮಾಡುತ್ತಾರೆ. ಅಷ್ಟರಲ್ಲಿ ಮೊದಲ ಹೆಜ್ಜೆಗಳ ಪೆಟ್ಟು ಬಿದ್ದಾಗಿರುತ್ತದೆ. ಕಾಲನ್ನು ಮೊಣಕಾಲಿನ ಮೇಲೆ ಹಾಕಲಾಗದಷ್ಟು ಸೊಂಟ ಅಥವಾ ಮಂಡಿ ಬಿಗಿಯಿದ್ದರೆ ಕಾಲು ಚಾಚಿ ಕುಳಿತು, ಟವೆಲನ್ನು ಬೆರಳುಗಳ ಬುಡಕ್ಕೆ ಸುತ್ತಿ ಎಳೆಯಿರಿ.

ಮೀನಖಂಡದ ಸ್ಟ್ರೆಚಿಂಗ್ ಎಲ್ಲರಿಗೂ ಒಂದೇ ಅಳತೆಯಲ್ಲಿ ಬೇಕಿಲ್ಲ. ನಿಮಗೆ ಬೇಕೇ ಎಂದು ಅಳೆದು ನೋಡಿ. ಗೋಡೆಯ ಮುಂದೆ ನಿಂತು ಹೆಬ್ಬೆರಳನ್ನು ಗೋಡೆಯಿಂದ ಕೆಲವು ಸೆಂಟಿಮೀಟರ್ ದೂರವಿಟ್ಟು, ಹಿಮ್ಮಡಿ ಏಳದಂತೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಪಾದವನ್ನು ಹಿಂದೆ ಸರಿಸುತ್ತ ಹೋಗಿ. ಹಿಮ್ಮಡಿ ಏಳದೆ ಮುಟ್ಟಿಸಬಹುದಾದ ಗರಿಷ್ಠ ದೂರ ಸುಮಾರು 10 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ, ಅಥವಾ ಎಡಗಾಲಿಗಿಂತ 2 ಸೆಂಟಿಮೀಟರ್ ಕಡಿಮೆ ಬಂದರೆ, ಈ ಸ್ಟ್ರೆಚಿಂಗ್‌ಗೆ ಸಮಯ ಕೊಡಿ. ಎರಡೂ ಕಾಲಲ್ಲಿ 12, 13 ಬರುತ್ತಿದ್ದರೆ ಇದರಿಂದ ಸಿಗುವ ಹೆಚ್ಚುವರಿ ಲಾಭ ಅಲ್ಪ, ಆ ಹೊತ್ತನ್ನು ಬಲದ ವ್ಯಾಯಾಮಕ್ಕೆ ಕೊಡಬಹುದು.

ಮಾಡುವ ಕ್ರಮ: ಗೋಡೆಗೆ ಎರಡೂ ಕೈ ಊರಿ, ಬಲಗಾಲು ಹಿಂದೆ, ಮೊಣಕಾಲು ನೇರ, ಹಿಮ್ಮಡಿ ನೆಲಕ್ಕೆ ಅಂಟಿರಲಿ. ಸೊಂಟವನ್ನು ಮುಂದಕ್ಕೆ ತನ್ನಿ, 30ರಿಂದ 45 ಸೆಕೆಂಡು ನಿಲ್ಲಿ, ಮೂರು ಸಲ. ಬಳಿಕ ಅದೇ ನಿಲುವಿನಲ್ಲಿ ಬಲ ಮೊಣಕಾಲನ್ನು ಸ್ವಲ್ಪ ಬಾಗಿಸಿ ಮತ್ತೆ ಮೂರು ಸಲ. ನೇರ ಮೊಣಕಾಲಿಗೆ ಮೇಲಿನ ದೊಡ್ಡ ಸ್ನಾಯು ಎಳೆಯುತ್ತದೆ, ಬಾಗಿದ ಮೊಣಕಾಲಿಗೆ ಅದರ ಕೆಳಗಿನ ಸೋಲಿಯಸ್. ಪಾದ ನೇರವಾಗಿ ಮುಂದಕ್ಕೆ ನೋಡುತ್ತಿರಬೇಕು. ಹೊರಕ್ಕೆ ತಿರುಗಿತೋ, ಕಮಾನು ಒಳಕ್ಕೆ ಕುಸಿದು ಎಳೆತವೆಲ್ಲ ನೋಯುವ ಪಟ್ಟಿಯ ಮೇಲೇ ಬೀಳುತ್ತದೆ. ಇದನ್ನು ತಪ್ಪಿಸಲು ಸಣ್ಣ ಬಟ್ಟೆಯನ್ನು ಮಡಚಿ ಕಮಾನಿನ ಒಳ ಅಂಚಿಗೆ ಕೊಡಬಹುದು. ಮೆಟ್ಟಿಲಿನಿಂದ ಹಿಮ್ಮಡಿ ಇಳಿಬಿಟ್ಟು ಎಳೆಯುವುದನ್ನು ಮೊದಲ ಒಂದು ತಿಂಗಳು ದೂರವಿಡಿ. ಜರ್ಕ್ ಕೊಟ್ಟು ಎಳೆಯುವುದು ಎಂದೂ ಬೇಡ.

ಬಲ

ಇಲ್ಲಿಯವರೆಗಿನದನ್ನು ಎರಡು ವಾರ ಮಾಡಿದ ಮೇಲೆ ಬೆಳಗಿನ ನೋವು ಸ್ವಲ್ಪವಾದರೂ ಇಳಿದಿದ್ದರೆ ಬಲದ ವ್ಯಾಯಾಮ ಶುರು ಮಾಡಿ. ದೀರ್ಘಕಾಲದ ನೋವಿರುವವರು ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದು. ನೋವಿರುವಾಗ ಭಾರ ಹಾಕುವುದು ತಪ್ಪೆಂದು ಎಲ್ಲರಿಗೂ ಅನಿಸುತ್ತದೆ. ಆದರೆ ಎಂಟು ತಿಂಗಳು ಕುಂಟಿದ ಕಾಲಿನ ಮೀನಖಂಡ ಮತ್ತು ಪಾದದ ಸಣ್ಣ ಸ್ನಾಯುಗಳು ಸೊರಗಿರುತ್ತವೆ. ಅವು ಹೊರಬೇಕಾದ ಹೊರೆಯೂ ಪಟ್ಟಿಯ ಪಾಲಿಗೇ ಬರುತ್ತದೆ.

ರಾತ್‌ಲೆಫ್ ಎಂಬ ಸಂಶೋಧಕರ ತಂಡ 2015ರಲ್ಲಿ ಪ್ರಕಟಿಸಿದ ಕ್ರಮ ಸರಳವಾಗಿದೆ. ಸಣ್ಣ ಟವೆಲನ್ನು ಸುರುಳಿ ಸುತ್ತಿ ಮೆಟ್ಟಿಲಿನ ಅಂಚಿನಲ್ಲಿಟ್ಟು, ಬೆರಳುಗಳು ಅದರ ಮೇಲೆ ಹಿಂದಕ್ಕೆ ಬಾಗಿರುವಂತೆ ಪಾದದ ಮುಂಭಾಗವನ್ನು ಊರಿ. ಹಿಮ್ಮಡಿ ಗಾಳಿಯಲ್ಲಿರಲಿ, ಆಸರೆಗೆ ಕಂಬಿ ಹಿಡಿದಿರಿ. ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, ಎರಡು ಸೆಕೆಂಡು ಮೇಲೆ ನಿಲ್ಲಿ, ಮೂರು ಸೆಕೆಂಡಿನಲ್ಲಿ ಇಳಿಸಿ. 12 ಸಲಕ್ಕೆ ಒಂದು ಸೆಟ್, ಮೂರು ಸೆಟ್, ದಿನ ಬಿಟ್ಟು ದಿನ. ಎರಡು ವಾರ ಕಳೆದ ಮೇಲೆ ಬೆನ್ನಚೀಲದಲ್ಲಿ ಪುಸ್ತಕ ತುಂಬಿ 10 ಸಲಕ್ಕೇ ದಣಿಯುವಷ್ಟು ಭಾರ ಮಾಡಿಕೊಂಡು ನಾಲ್ಕು ಸೆಟ್. ಇನ್ನೆರಡು ವಾರದ ಬಳಿಕ 8 ಸಲಕ್ಕೆ ದಣಿಯುವ ಭಾರದಲ್ಲಿ ಐದು ಸೆಟ್. ಒಂಟಿಕಾಲಲ್ಲಿ 12 ಆಗದಿದ್ದರೆ ಎರಡೂ ಕಾಲಿನಿಂದ ಶುರು ಮಾಡಿ. ಆ ತಂಡದ ಅಧ್ಯಯನದಲ್ಲಿ ಮೂರು ತಿಂಗಳ ಹೊತ್ತಿಗೆ ಈ ವ್ಯಾಯಾಮ ಮಾಡಿದ ಗುಂಪು ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಮುಂದಿತ್ತು, ಒಂದು ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮಕ್ಕೆ ಬಂದಿದ್ದವು. ಅಂದರೆ ಇದರಿಂದ ಸಿಗುವ ದೊಡ್ಡ ಲಾಭ ಬೇಗ ಸುಧಾರಿಸುವುದು. ಎಂಟು ತಿಂಗಳು ನೋವು ತಿಂದವರಿಗೆ ಅದು ಸಣ್ಣ ಮಾತಲ್ಲ.

ವ್ಯಾಯಾಮದ ನಡುವೆ ನೋವು 4 ಅಥವಾ 5ರವರೆಗೆ ಬಂದರೆ ಹೆದರಬೇಡಿ. ಮರುದಿನ ಬೆಳಗಿನ ಮೊದಲ ಹೆಜ್ಜೆ ತೀರ್ಪು ಕೊಡಲಿ. ಅದು ನಿನ್ನೆಗಿಂತ ಹೆಚ್ಚು ನೋಯದಿದ್ದರೆ ಭಾರ ಸರಿಯಿದೆ. ಹೆಚ್ಚಿದ್ದರೆ ಒಂದು ಸೆಟ್ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ದಿನವೂ ಮಾಡುವ ಹುರುಪು ಬೇಡ. ನಾರಿಗೆ ಚೇತರಿಸಿಕೊಳ್ಳಲು ನಡುವಿನ ಆ ಒಂದು ದಿನ ಬೇಕು. ಹಿಮ್ಮಡಿ ಎತ್ತಿದಾಗ ಭಾರ ಕಿರುಬೆರಳಿನ ಕಡೆ ಜಾರಿದರೆ ಪ್ರಯೋಜನ ಅರ್ಧ, ಹೆಬ್ಬೆರಳಿನ ಬುಡದ ಮೇಲೆ ಒತ್ತಿ.

ಪಾದದ ಸಣ್ಣ ಸ್ನಾಯುಗಳಿಗೆ ಇನ್ನೊಂದು ಸೇರಿಸಬಹುದು. ಕುಳಿತು, ಬೆರಳುಗಳನ್ನು ಮುದುರದೆ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದು ಕಮಾನನ್ನು ಎತ್ತಿ ಐದು ಸೆಕೆಂಡು ಹಿಡಿಯಿರಿ, 10 ಸಲ. ಮೊದಲ ವಾರ ಏನೂ ಆಗುತ್ತಿಲ್ಲ ಅನಿಸುವುದು ಸಹಜ, ಕೆಲವರಿಗೆ ಅಂಗಾಲು ಸೆಳೆತ ಹಿಡಿಯುವುದೂ ಉಂಟು. ಹಿಡಿದರೆ ಬೆರಳುಗಳನ್ನು ಹಿಂದಕ್ಕೆ ಎಳೆದರೆ ಬಿಡುತ್ತದೆ.

ಉಳಿದ ಇಪ್ಪತ್ತಮೂರು ಗಂಟೆ

ಅರ್ಧ ಗಂಟೆಯ ಆರೈಕೆಯನ್ನು ಎಂಟು ಗಂಟೆಯ ನಿಲುವು ಅಳಿಸಿಹಾಕಬಹುದು. ಪೂರ್ತಿ ವಿಶ್ರಾಂತಿ ಬೇಕಿಲ್ಲ, ಅದರಿಂದ ಪಟ್ಟಿ ಇನ್ನಷ್ಟು ದುರ್ಬಲವಾಗುತ್ತದೆ. ಮೊದಲ ಎರಡು ಮೂರು ವಾರ ನಡಿಗೆಯನ್ನು ಮೂರನೇ ಒಂದರಷ್ಟು ಇಳಿಸಿ. ನಿಲ್ಲುವ ಕೆಲಸದ ನಡುವೆ 40, 45 ನಿಮಿಷಕ್ಕೊಮ್ಮೆ ಎರಡು ನಿಮಿಷವಾದರೂ ಕುಳಿತು, ಏಳುವ ಮುನ್ನ ಬೆರಳುಗಳನ್ನು ಒಮ್ಮೆ ಹಿಂದಕ್ಕೆಳೆದು ಏಳಿ. ಒಂದೇ ಭಂಗಿಯಲ್ಲಿ ನಿಲ್ಲುವುದಕ್ಕಿಂತ ಒಂದು ಪಾದವನ್ನು ಸಣ್ಣ ಪೀಠದ ಮೇಲಿಟ್ಟು ಬದಲಿಸುತ್ತ ನಿಲ್ಲುವುದು ಮೇಲು.

ಚಪ್ಪಲಿ ಅಥವಾ ಶೂ ಕೈಯಲ್ಲಿ ಹಿಡಿದು ಬಾಗಿಸಿ ನೋಡಿ. ಬೆರಳುಗಳ ಬುಡದಲ್ಲಿ ಮಾತ್ರ ಬಾಗಬೇಕು. ನಡುವಿಗೇ ಮಡಚಿಕೊಳ್ಳುವುದು, ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುವುದು ನಿಮಗೆ ಸದ್ಯಕ್ಕೆ ಆಗದು. ಹಿಮ್ಮಡಿ ಮುಂಭಾಗಕ್ಕಿಂತ 1 ಸೆಂಟಿಮೀಟರಿನಷ್ಟು ಎತ್ತರವಿದ್ದರೆ ಪಟ್ಟಿಗೂ ಮೀನಖಂಡಕ್ಕೂ ಬಿಡುವು. ಒಂದು ಜೊತೆಯನ್ನು ಹಾಸಿಗೆಯ ಪಕ್ಕದಲ್ಲೇ ಇಡಿ, ಸ್ಟ್ರೆಚಿಂಗ್ ಮುಗಿಸಿ ಅದಕ್ಕೇ ಕಾಲು ತೂರಿಸಿ. ನೋವು ಇಳಿಯುವವರೆಗೆ ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡಿ. ಶೂ ಒಳಗಿನ ಮೆತ್ತೆಗೆ ದುಡ್ಡು ಸುರಿಯಬೇಕಿಲ್ಲ. ಸಿದ್ಧ ದೊರಕುವ, ಕಮಾನಿಗೆ ಆಸರೆ ಕೊಡುವ ಮೆತ್ತೆಗಳು ಅಳತೆ ಕೊಟ್ಟು ಮಾಡಿಸಿದವುಗಳಷ್ಟೇ ಉಪಯುಕ್ತ ಎಂದು ಹೋಲಿಕೆಗಳು ತೋರಿಸಿವೆ. ದೇಹದ ತೂಕ ಹೆಚ್ಚಿದ್ದರೆ ಅದೂ ಒಂದು ಕಾರಣವೇ. ಆದರೆ ಇಳಿಸಲೆಂದು ಈಗಲೇ ಓಟ ಶುರು ಮಾಡಬೇಡಿ, ಸೈಕಲ್ ಅಥವಾ ಈಜು ಆಯ್ದುಕೊಳ್ಳಿ.

ಎಷ್ಟು ದಿನ, ಯಾವಾಗ ವೈದ್ಯರು

ದಿನವೂ ಬೆಳಿಗ್ಗೆ ಮೊದಲ ಹೆಜ್ಜೆಯ ನೋವಿಗೆ 0ರಿಂದ 10ರೊಳಗೆ ಒಂದು ಅಂಕ ಬರೆದಿಡಿ. ಒಂದು ದಿನದ ಅಂಕಕ್ಕೆ ಬೆಲೆಯಿಲ್ಲ, ವಾರದ ಸರಾಸರಿ ನೋಡಿ. ಎರಡು ಮೂರು ವಾರದಲ್ಲಿ ಬೆಳಗಿನ ಅಂಕ ಒಂದೆರಡು ಇಳಿಯಬೇಕು. ಸಂಜೆಯ ನೋವು ಹೋಗಲು ಆರರಿಂದ ಹನ್ನೆರಡು ವಾರ, ಪೂರ್ತಿ ಮರೆಯಾಗಲು ಆರು ತಿಂಗಳೂ ಆಗಬಹುದು. ಶಸ್ತ್ರಚಿಕಿತ್ಸೆ ಇಲ್ಲದೆಯೇ ಬಹುಪಾಲು ಜನ ಒಂದು ವರ್ಷದೊಳಗೆ ಗುಣವಾಗುತ್ತಾರೆ. ನಡುವೆ ಒಂದು ವಾರ ನೋವು ಮತ್ತೆ ಕೆರಳುವುದು ಇದ್ದದ್ದೇ. ಹೆಚ್ಚಾಗಿ ಹಿಂದಿನ ಎರಡು ಮೂರು ದಿನದಲ್ಲಿ ಅತಿಯಾಗಿ ನಡೆದದ್ದೋ ಚಪ್ಪಲಿ ಬದಲಿಸಿದ್ದೋ ಕಾರಣವಾಗಿರುತ್ತದೆ. ಆಗ ಮಸಾಜ್, ಸ್ಟ್ರೆಚಿಂಗ್ ಮುಂದುವರಿಸಿ, ಬಲದ ವ್ಯಾಯಾಮದಲ್ಲಿ ಒಂದು ಹಂತ ಹಿಂದಕ್ಕೆ ಬನ್ನಿ.

ಆರು ವಾರ ಬಿಡದೆ ಮಾಡಿದರೂ ಅಂಕ ಕದಲದಿದ್ದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ರಾತ್ರಿ ಪಾದವನ್ನು 90 ಡಿಗ್ರಿಯಲ್ಲಿ ಹಿಡಿಯುವ ಸ್ಪ್ಲಿಂಟ್, ಪಟ್ಟಿಗೆ ಆಸರೆಯಾಗುವ ಟೇಪ್, ನೋವಿನ ಜಾಗಕ್ಕೆ ಒತ್ತಡದ ಅಲೆಗಳನ್ನು ಹಾಯಿಸುವ ಶಾಕ್‌ವೇವ್ ಚಿಕಿತ್ಸೆ ಇವೆಲ್ಲ ಮುಂದಿನ ದಾರಿಗಳು. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ಚೆನ್ನಾಗಿ ಹಿತ ಕೊಡುತ್ತದೆ. ಆದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವ ಅಪಾಯ ಅದಕ್ಕಿದೆ. ನಿಂತೇ ದುಡಿಯುವ ನಿಮ್ಮಂಥವರು ಮೇಲಿನದೆಲ್ಲ ಮಾಡಿ ಮುಗಿದ ಮೇಲಷ್ಟೇ ಅದನ್ನು ಯೋಚಿಸುವುದು ಒಳ್ಳೆಯದು, ಒಂದೇ ಸಮನೆ ಹಾಕಿಸಿಕೊಳ್ಳುವುದಂತೂ ಬೇಡ.

ಕಾಯದೆ ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳು ಬೇರೆ. ಮಲಗಿದಾಗಲೂ ರಾತ್ರಿಯಿಡೀ ಬಿಡದೆ ಕಾಡುವ ನೋವು, ಜ್ವರ, ಪಾದ ಕೆಂಪಾಗಿ ಊದುವುದು, ಜೋಮು ಅಥವಾ ಬಲಹೀನತೆ, ಟಪ್ ಎಂದು ಸದ್ದಾಗಿ ಅಂಗಾಲು ಕಪ್ಪುನೀಲಿಗಟ್ಟುವುದು ಇವುಗಳಿಗೆ ಮನೆಯ ಆರೈಕೆ ಸಾಲದು. ಎರಡೂ ಹಿಮ್ಮಡಿ ನೋಯುತ್ತ, ಬೆಳಿಗ್ಗೆ ಸೊಂಟವೂ ಅರ್ಧ ಗಂಟೆಗಿಂತ ಹೆಚ್ಚು ಬಿಗಿದಿರುತ್ತಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ. ಬೆನ್ನುಮೂಳೆಯ ಸಂಧಿವಾತದಂಥ ಕಾಯಿಲೆ ಕೆಲವೊಮ್ಮೆ ಹಿಮ್ಮಡಿಯಲ್ಲೇ ಮೊದಲು ತೋರಿಕೊಳ್ಳುತ್ತದೆ, ಅದಕ್ಕೆ ಔಷಧವೇ ಬೇರೆ.

ನೋವು ಹೋದ ದಿನವೇ ಎಲ್ಲ ಬಿಟ್ಟುಬಿಡಬೇಡಿ. ಚೆಂಡನ್ನು ಎತ್ತಿಟ್ಟರೂ ಸರಿಯೇ. ಹಿಮ್ಮಡಿ ಎತ್ತುವ ವ್ಯಾಯಾಮವನ್ನು ವಾರಕ್ಕೆ ಎರಡು ದಿನದಂತೆ ಇನ್ನೂ ಮೂರು ತಿಂಗಳು ಮುಂದುವರಿಸಿ. ಎಡಗಾಲಿಗೂ ಅಷ್ಟೇ ಮಾಡಿ. ನೀವು ಇಷ್ಟು ದಿನ ಬಲಗಾಲು ಉಳಿಸಲು ಭಾರವನ್ನೆಲ್ಲ ಅದರ ಮೇಲೆ ಹಾಕಿದ್ದೀರಿ.